ಕುಂಕುಮ ಹಚ್ಚೋಕಿಂತ ಮುಂಚೆ ಬೆಲ್ಟು ನೋಡ್ರಿ

ಈ ಸಲ ಚಟ್ನಿಪುಡಿ, ಹಪ್ಪಳ, ಮೊಮ್ಮಕ್ಳ ಎಣ್ಣೆನೀರು ಎಲ್ಲಾ ಬಿಟ್ಟು ಕಾರಿನ ಬೆಲ್ಟಿನ ಬಗ್ಗೆ ಬರಿಯಾಕ ಕುಂತೀನಿ. ನಗಬ್ಯಾಡ್ರಿ, ಪೂರ್ತಿ ಓದ್ರಿ. ನಂದು ಪಿಯುಸಿವರೆಗಿನ ಓದು, ಮೆಕ್ಯಾನಿಕ್ ಕೆಲಸ ಕಲ್ತಾಕಿ ಅಲ್ಲ. ಆದ್ರ ಮೂವತ್ತು ವರ್ಷ ಮನ್ಯಾಗ ಗ್ರೈಂಡರು, ಹೊಲಿಗಿ ಮಷೀನು, ನೀರಿನ ಮೋಟ್ರು ಎಲ್ಲಾ ನಡಿಸ್ದಾಕಿ. ಆ ಲೆಕ್ಕದಾಗ ಒಂದು ಮಾತು ಹೇಳಬೇಕು ಅನಸ್ತು.

ಆಯುಧಪೂಜಿ ದಿನ ನಾವು ಕಾರಿಗೆ ಏನೇನು ಮಾಡ್ತೀವಿ ನೆನಸ್ಕೊಳ್ರಿ. ಮುಂಜಾನೆದ್ದು ಗಾಡಿ ತೊಳಸ್ತೀವಿ, ವಿಭೂತಿ ಕುಂಕುಮ ಹಚ್ತೀವಿ, ಮುಂದ ಬಾಳೆಕಂದು ಕಟ್ತೀವಿ, ಚೆಂಡುಹೂವಿನ ಹಾರ ಹಾಕ್ತೀವಿ, ನಾಕೂ ಗಾಲಿ ಕೆಳಗ ನಿಂಬಿಹಣ್ಣು ಇಡ್ತೀವಿ, ಕುಂಬಳಕಾಯಿ ಒಡಿತೀವಿ. ಅಷ್ಟೆಲ್ಲಾ ಮಾಡಿದ್ರೂ ಬಾನೆಟ್ ಎತ್ತಿ ಒಳಗ ಒಂದ್ಸಲ ನೋಡೋದಿಲ್ಲ. ದೇವರ ಜಗಲಿ ತೊಳದು, ರಂಗೋಲಿ ಹಾಕಿ, ದೀಪದಾಗ ಎಣ್ಣಿ ಐತೋ ಇಲ್ಲೋ ನೋಡ್ದ ಬಿಟ್ಟಂಗಾತು ಇದು.

ನನ್ನ ಮಾತು ಇಷ್ಟ. ಕಾರಿನ ಬೆಲ್ಟು ನೋಡೋದು ಮನಿ ಹೆಣ್ಣುಮಕ್ಳ ಕೆಲಸಾನೂ ಹೌದು. ಬದಲಿಸೋದು ಎಷ್ಟೋ ಗಾಡಿಗೆ ಮನಿ ಅಂಗಳದಾಗನ ಆಗ್ತೈತಿ. ಆಗದ ಗಾಡಿಗೆ ಮೆಕ್ಯಾನಿಕ್ ಅದಾರ. ಆದ್ರ ಯಾವಾಗ ಬದಲಿಸಬೇಕು ಅನ್ನೋದನ್ನ ಬೆಲ್ಟು ಹರಕೊಂಡು ದಾರ್ಯಾಗ ನಿಂತು ಹೇಳೋ ತನಕ ನಾವು ಕಾಯಬಾರದು.

ಬೆಲ್ಟು ಅಂದ್ರ ನಮಗೇನು ಹೊಸದಲ್ಲ. ಕಾಲಿಂದ ತುಳಿಯೋ ಹೊಲಿಗಿ ಮಷೀನಿಗೆ ಚರ್ಮದ ಬೆಲ್ಟು ಇರ್ತಿತ್ತು. ಸಡ್ಲಾತು ಅಂದ್ರ ಒಂದೀಟು ಕೊಯ್ದು, ಮತ್ತ ತಂತಿ ಕೊಂಡಿ ಹಾಕಿ ಬಿಗಿ ಮಾಡ್ತಿದ್ವಿ. ಹಿಟ್ಟಿನ ಗಿರಣ್ಯಾಗ ಉದ್ದನ ಪಟ್ಟಾ ಪಟ ಪಟ ಅಂತ ಓಡೋದನ್ನ ನೋಡ್ಕೋತ, ಜ್ವಾಳದ ಪುಟ್ಟಿ ಇಟ್ಕೊಂಡು ಪಾಳೆ ಕಾದೋರು ನಾವು. ಇಡ್ಲಿ ಹಿಟ್ಟು ರುಬ್ಬೋ ಗ್ರೈಂಡರು ಖಾಲಿ ಇದ್ದಾಗ ಚಲೋ ತಿರುಗ್ತೈತಿ, ಅಕ್ಕಿ ಉದ್ದು ಹಾಕಿದ ಕೂಡ್ಲೆ ಕಲ್ಲು ನಿಂತು ಮೋಟ್ರು ಒಂದ ಗುಂಯ್‌ಗುಡ್ತೈತಿ ಅಂದ್ರ ಏನಾಗೈತಿ ಅಂತ ಯಾರೂ ಹೇಳಿಕೊಡೋದು ಬ್ಯಾಡ. ಬೆಲ್ಟು ಸಡ್ಲಾಗಿ ಜಾರಾಕತ್ತೈತಿ. ನಮ್ಮ ಹಿರ್ಯಾರು ನೂಲ್ತಿದ್ದ ರಾಟಿಯಾಗೂ ಇದ ಲೆಕ್ಕ ಇತ್ತು. ದೊಡ್ಡ ಗಾಲಿ ತಿರುಗಿದ್ರ ದಾರ ಎಳದು ಸಣ್ಣ ಕದರು ತಿರುಗ್ತಿತ್ತು. ಕಾರಿನೊಳಗೂ ಅಷ್ಟ ಐತಿ. ಇಂಜಿನ್ನಿನ ಒಂದು ಗಾಲಿ ತಿರುಗ್ತೈತಿ, ಬೆಲ್ಟು ಅದರ ಬಲ ಒಯ್ದು ಬ್ಯಾರೆ ಗಾಲಿಗೆ ಕೊಡ್ತೈತಿ. ಆ ಗಾಲಿಗಳಿಗೆ ಮೆಕ್ಯಾನಿಕ್‌ಗಳು ಪುಲ್ಲಿ ಅಂತಾರ.

ಮೊದಲಿನ ಕಾರಿನಾಗ ಒಂದೊಂದು ಕೆಲಸಕ್ಕ ಒಂದೊಂದು ಬೆಲ್ಟು ಇರ್ತಿತ್ತು. ಅದಕ್ಕ ನಮ್ಮ ಮನಿ ಗಂಡಸ್ರು ಈಗ್ಲೂ ಎಲ್ಲಾ ಬೆಲ್ಟಿಗೂ ಫ್ಯಾನ್ ಬೆಲ್ಟು ಅಂತಾನ ಅಂತಾರ. ಆಮ್ಯಾಲೆ ಅಮೆರಿಕಾದಾಗ 1979ರ ಫೋರ್ಡ್ ಮಸ್ಟಾಂಗ್ ಕಾರಿಗೆ ಒಂದ ಉದ್ದನ ಬೆಲ್ಟು ಹಾಕಿ ಎಲ್ಲಾ ಕೆಲಸ ಮಾಡಿಸಿದ್ರು. ಈಗ ನಮ್ಮ ಕಡಿ ಓಡೋ ಎಷ್ಟೋ ಗಾಡಿಯಾಗ ಅದ ಥರದ ಬೆಲ್ಟು ಐತಿ. ಹಾವು ಹರದಂಗ ಮ್ಯಾಲ ಕೆಳಗ ಸುತ್ತಿ ಹೋಗ್ತೈತಂತ ಅದಕ್ಕ ಸರ್ಪಂಟೈನ್ ಬೆಲ್ಟು ಅಂತ ಹೆಸರು. ಒಳಮೈಗೆ ಉದ್ದಕ್ಕೂ ಗೆರಿ ಇರ್ತಾವ, ಬೆನ್ನು ನುಣ್ಣಗ ಇರ್ತೈತಿ. ಸಣ್ಣ ಪೆಟ್ರೋಲ್ ಗಾಡಿ ಕೆಲವಕ್ಕ ಈಗ್ಲೂ ಎರಡು ಬೆಲ್ಟು ಬರ್ತಾವ, ಒಂದು ಚಾರ್ಜಿಗೆ, ಇನ್ನೊಂದು ಏಸಿಗೆ.

ಒಂದ ಬೆಲ್ಟು ಇರೋದ್ರಿಂದ ಜಾಗ ಉಳೀತೈತಿ, ಬದಲಿಸೋದೂ ಸುಲಭ. ಆದ್ರ ಒಬ್ಬಾಕಿ ಸೊಸಿ ಮ್ಯಾಲ ಇಡೀ ಮನಿ ಕೆಲಸ ಹಾಕಿದಂಗ ಅದು. ಆಕಿ ಮಲಗಿದ್ಲಂದ್ರ ಮನಿ ನಿಂತ್ಹೋಗ್ತೈತಿ. ಬೆಲ್ಟು ಹರದ್ರ ಮೊದಲು ಆಲ್ಟರ್ನೇಟರ್ ನಿಲ್ತೈತಿ, ಅಂದ್ರ ಬ್ಯಾಟ್ರಿಗೆ ಚಾರ್ಜ್ ಹೋಗೋದಿಲ್ಲ. ಏಸಿ ನಿಲ್ತೈತಿ. ಎಷ್ಟೋ ಗಾಡಿಯಾಗ ಇಂಜಿನ್ ತಂಪು ಮಾಡೋ ನೀರಿನ ಪಂಪು ಇದ ಬೆಲ್ಟಿಂದ ಓಡ್ತೈತಿ, ಅದೂ ನಿಲ್ತೈತಿ. ಹಳೇ ದೊಡ್ಡ ಗಾಡಿಯಾಗ ಸ್ಟೇರಿಂಗ್ ಹಗುರ ಮಾಡೋ ಎಣ್ಣಿ ಪಂಪೂ ಇದಕ್ಕ ಜೋಡಿಸಿರ್ತಾರ, ಅಲ್ಲಿ ಸ್ಟೇರಿಂಗ್ ಒರಳುಕಲ್ಲಿನಂಗ ಬಿಗಿ ಆಗ್ತೈತಿ. ಹೊಸ ಸಣ್ಣ ಕಾರಿಗೆ ಸ್ಟೇರಿಂಗ್ ಕರೆಂಟಿಂದ ನಡೀತೈತಿ, ಅದಕ್ಕ ಅಲ್ಲಿ ಕೂಡ್ಲೆ ಬಿಗಿ ಆಗೋದಿಲ್ಲ. ಆದ್ರ ಬ್ಯಾಟ್ರಿ ಇರೋ ತನಕ ಅಷ್ಟ ಅದರ ಆಟ.

ಬೆಂಗಳೂರಾಗ ಬೆಲ್ಟು ಹರದ್ರ ಫೋನ್ ಮಾಡಿದ ಅರ್ಧ ತಾಸಿಗೆ ಯಾರಾದ್ರೂ ಬರ್ತಾರ. ನಮ್ಮ ಕಡಿ ಹಂಗಲ್ಲ. 2021ರಾಗ ವಿಜಯನಗರ ಜಿಲ್ಲೆ ಆತು, ಆಫೀಸು ಕೆಲಸಕ್ಕ ಹೊಸಪೇಟಿಗೆ ಹೋಗ್ತೀವಿ. ಹರಪನಹಳ್ಳಿಯೋರು 1997ರಿಂದ 2018ರ ತನಕ ದಾವಣಗೆರೆ ಜಿಲ್ಲೆಯಾಗಿದ್ರು, ಜಿಲ್ಲೆ ಬದಲಾದ್ರೂ ಆಸ್ಪತ್ರಿ ಅಂದ್ರ ಅವರಿಗೆ ಇವತ್ತಿಗೂ ದಾವಣಗೆರೆನ. ಕೊಟ್ಟೂರಿಂದ ಕೂಡ್ಲಿಗಿ ದಾರಿ ಇರಲಿ, ಹಗರಿಬೊಮ್ಮನಹಳ್ಳಿಯಿಂದ ಹಡಗಲಿ ದಾರಿ ಇರಲಿ, ಊರು ದಾಟಿದ ಮ್ಯಾಲೆ ಎರಡೂ ಕಡಿ ಹೊಲ, ನಡುವೆ ಒಂದೆರಡು ಚಾದಂಗಡಿ ಅಷ್ಟ. ಕೂಡ್ಲಿಗಿ ಮ್ಯಾಲ ಹೋಗೋ 50ನೇ ನಂಬರ್ ಹೆದ್ದಾರ್ಯಾಗ ಗಾಡಿ ಬಾಳ, ಆದ್ರ ಆ ವೇಗದಾಗ ಬರೋ ಲಾರಿ ಪಕ್ಕದಾಗ ಕೂಸು ಎತ್ಕೊಂಡು ನಿಲ್ಲೋದು ಇನ್ನೂ ಅಂಜಿಕಿ.

ನಮ್ಮ ಗಾಡಿಗೆ ಬೀಳೋ ಭಾರಾನೂ ನೋಡ್ರಿ. ಐದು ಮಂದಿ ಕೂಡೋ ಕಾರಿನಾಗ ಏಳು ಮಂದಿ, ಡಿಕ್ಕಿ ತುಂಬ ಬುತ್ತಿಗಂಟು. ಕೊಟ್ಟೂರು ತೇರಿಗೆ, ಮೈಲಾರದ ಕಾರ್ಣಿಕಕ್ಕ, ಉಜ್ಜಿನಿ ಜಾತ್ರಿಗೆ ಹೋದಾಗ ಪಾದಯಾತ್ರಿ ಮಂದಿ ಹಿಂದ ಬಿಸಿಲಾಗ ಏಸಿ ಹಾಕ್ಕೊಂಡು ತೆವಳ್ಕೋತ ಹೋಗ್ಬೇಕು. ಕೆಂಪು ಧೂಳು, ಸುಗ್ಗ್ಯಾಗ ಹೊಲದ ಹೊಟ್ಟು ಎಲ್ಲಾ ಇಂಜಿನ್ ಒಳಗ ಸೇರ್ತೈತಿ. ಬೆಲ್ಟು ರಬ್ಬರು ತಾನ, ಬಿಸಿಗೂ ಸವೀತೈತಿ, ಧೂಳಿಗೂ ಸವೀತೈತಿ.

ಹೋದ ಬ್ಯಾಸಗ್ಯಾಗ ನನ್ನ ತಂಗಿ ಮಗಳಿಗೆ ಆಗಿದ್ದು ಹೇಳ್ತೀನಿ. ಬಾಣಂತಿ, ಮೂರು ತಿಂಗಳ ಕೂಸು. ಕೂಸಿಗೆ ರಾತ್ರಿಯೆಲ್ಲಾ ಜ್ವರ. ಮುಂಜಾನೆ ಹರಪನಹಳ್ಳಿಯಿಂದ ದಾವಣಗೆರಿಗೆ ಹೊಂಟ್ರು. ಅಳಿಯ ಗಾಡಿ ನಡಸ್ತಿದ್ದ, ಹಿಂದ ತಂಗಿ, ಮಗಳು, ಕೂಸು. ಅದೊಂದು ಹಳೇ ಡೀಸಲ್ ಗಾಡಿ. ತಿಂಗಳಿಂದ ಮುಂಜಾನೆ ಚಾಲೂ ಮಾಡಿದಾಗ ಕಿಂಯ್ ಅಂತ ಕೂಗ್ತಿತ್ತಂತ. ಕೇಳಿದ್ರ, "ಡೀಸಲ್ ಗಾಡಿ ಅತ್ತಿ, ಅದು ಕೂಗೋದ ಹಂಗ" ಅಂತ ಅಳಿಯ ಹಾಡಿನ ಸೌಂಡು ಜಾಸ್ತಿ ಮಾಡ್ತಿದ್ನಂತ. ಅರ್ಧ ದಾರ್ಯಾಗ ಮುಂದ ಪಟ್ ಅಂತ ಏನೋ ಹೊಡದಂಗ ಸಪ್ಪಳಾತು. ಮೀಟರ್ ಬೋರ್ಡಿನ್ಯಾಗ ಬ್ಯಾಟ್ರಿ ಚಿತ್ರದ ಕೆಂಪು ದೀಪ ಹತ್ತಿತು. ಸ್ಟೇರಿಂಗ್ ಬಿಗಿ ಆತು. ಏಸಿಯಿಂದ ಬಿಸಿಗಾಳಿ ಬಂತು. ಬಿಸಿ ತೋರ್ಸೋ ಮುಳ್ಳು ಏರಾಕ ಹತ್ತಿತು.

ಅಳಿಯ, "ಮುಂದಿನೂರು ಹತ್ರ ಐತಿ, ಹಂಗ ಎಳಕೊಂಡು ಹೋಗೋಣು" ಅಂದ. ನನ್ನ ತಂಗಿ ಬಾಯಿಮಾಡಿ ನಿಲ್ಲಿಸಿದ್ಲು. "ನೀರಿಲ್ಲದ ಕುಕ್ಕರಿಗೆ ಉರಿ ಹಚ್ಚಿ ಹೊಂಟೀಯೇನಪ್ಪ, ನಿಲ್ಸು" ಅಂದ್ಲಂತ. ಗಾಡಿ ಬಿಟ್ಟು, ಬೇವಿನಗಿಡದ ನೆಳ್ಳಾಗ ಕೂಸಿಗೆ ಸೆರಗಿಲೆ ಗಾಳಿ ಬೀಸ್ಕೋತ ನಿಂತು, ಆಮ್ಯಾಲೆ ಬಂದ ಸರ್ಕಾರಿ ಬಸ್ಸಿಗೆ ಕೈ ಮಾಡಿ ಹತ್ತಿ ಆಸ್ಪತ್ರಿ ಮುಟ್ಟಿದ್ರು. ದೇವರ ದಯೆ, ಕೂಸು ಆರಾಮಾತು. ಅಳಿಯ ಮಾತ್ರ ಸಂಜೀ ತನಕ ಗಾಡಿ ಕಾಯ್ಕೋತ ಕುಂತಿದ್ದ. ಮೆಕ್ಯಾನಿಕ್ ಬಂದ್ರೂ ಆ ಅಳತಿ ಬೆಲ್ಟು ಅಲ್ಲಿ ಇರಲಿಲ್ಲ, ದಾವಣಗೆರಿಯಿಂದ ತರ್ಸಬೇಕಾತು. ಬಂದ ಮ್ಯಾಲೆ ಹಾಕಾಕ ಅರ್ಧ ತಾಸೂ ಹಿಡೀಲಿಲ್ಲಂತ. ತಂಗಿ ಆವತ್ತು ನಿಲ್ಲಿಸಿದ್ದಕ್ಕ ಇಂಜಿನ್ ಉಳೀತು. ಹಂಗ ಓಡ್ಸಿದ್ರ ಬಿಸಿಗೆ ಇಂಜಿನ್ನಿನ ತಲಿ ಸೊಟ್ಟಾಗಿ ಹತ್ತಾರು ಸಾವಿರದ ಕೆಲಸ ಬರ್ತಿತ್ತು ಅಂತ ಆ ಮೆಕ್ಯಾನಿಕ್ಕನ ಹೇಳಿದ್ನಂತ.

"ಕಾರಿನ ಕೆಲಸ ಗಂಡಸ್ರದ್ದು, ನಮಗ್ಯಾಕ" ಅನ್ನೋರಿಗೆ ಇದನ್ನ ಕೇಳ್ತೀನಿ. ಗಾಡಿ ಗಂಡಸ್ರ ಹೆಸರಿಲೆ ಇರಬಹುದು. ಅದು ದಾರ್ಯಾಗ ನಿಂತಾಗ ಕೂಸು ಹಿಡ್ಕೊಂಡು ಬಿಸಿಲಾಗ ನಿಲ್ಲೋರು ಯಾರು? ಮುಟ್ಟಾಗಿದ್ದ ಹುಡುಗಿ, ಏಳು ತಿಂಗಳ ಬಸರಿ, ಮಂಡಿನೋವಿನ ಅತ್ತಿ, ಇವರ ತಾನ? ಗಂಡಸ್ರು ಯಾವ್ದಾದ್ರೂ ಬೈಕಿಗೆ ಕೈ ಮಾಡಿ ಹೋಗ್ತಾರ, ಗಿಡದ ಮರಿಗೆ ಹೋಗಿ ಬರ್ತಾರ. ನಮಗ ಅದೂ ಇಲ್ಲ. ತ್ರಾಸು ನಮ್ಮದು ಅಂದ ಮ್ಯಾಲೆ ಮುಂಚೆ ನೋಡೋ ಹಕ್ಕೂ ನಮ್ಮದ.

ನೋಡೋದು ಏನು ದೊಡ್ಡ ವಿದ್ಯೆ ಅಲ್ಲ. ಮೊದಲು ಕಿವಿ. ಮುಂಜಾನೆ ತಂಪಿನಾಗ ಚಾಲೂ ಮಾಡಿದಾಗ, ಏಸಿ ಹಾಕಿದ ಕೂಡ್ಲೆ, ಇಲ್ಲಾ ಸ್ಟೇರಿಂಗ್ ಪೂರ್ತಿ ತಿರುವಿದಾಗ ಕಿಂಯ್ ಅಂತ ಸಣ್ಣ ದನಿ ಬಂದ್ರ ಬೆಲ್ಟು ಜಾರಾಕತ್ತೈತಿ ಅಂತ ಅರ್ಥ. ಗೊರ್ ಗೊರ್ ಅಂತ ದಪ್ಪ ದನಿ ಬಂದ್ರ ಬೆಲ್ಟಿಂದಲ್ಲ, ಯಾವುದೋ ಪುಲ್ಲಿಯ ಬೇರಿಂಗ್ ಹೋಗಿರಬಹುದು. ಬಡಿಯೋ ಸಪ್ಪಳದಾಗ ರೊಟ್ಟಿ ತೆಳು ಆತೋ ಇಲ್ಲೋ ಅಂತ ತಿಳಿಯೋ ನಮಗ ಈ ದನಿ ತಿಳಿಯಾಕ ಕಷ್ಟ ಇಲ್ಲ.

ಆಮ್ಯಾಲೆ ಕಣ್ಣು. ಗಾಡಿ ಬಂದ್ ಮಾಡಿ, ಚಾವಿ ತಕ್ಕೊಂಡು, ಇಂಜಿನ್ ಪೂರ್ತಿ ಆರಿದ ಮ್ಯಾಲೆ ಬಾನೆಟ್ ಎತ್ರಿ. ಇಂಜಿನ್ನಿನ ಒಂದು ಮಗ್ಗಲದಾಗ ಕಪ್ಪು ಪಟ್ಟಿ ಕಾಣ್ತೈತಿ. ಟಾರ್ಚು ಹಾಕಿ ನೋಡ್ರಿ. ಅಂಚು ಎಳಿ ಬಿಟ್ಟಿದ್ರ, ಗೆರಿ ತುಂಡು ಉದುರಿದ್ರ, ಅಡ್ಡ ಸೀಳು ಬಿಟ್ಟಿದ್ರ, ಕನ್ನಡಿಯಂಗ ಮಿಂಚ್ತಿದ್ರ, ಎಣ್ಣಿ ಇಲ್ಲಾ ಇಂಜಿನ್ನಿನ ನೀರು ಹತ್ತಿದ್ರ ಆ ಬೆಲ್ಟಿನ ಕಾಲ ಮುಗೀತು ಬಂತು. ಇನ್ನೊಂದು ಮಾತು. ಹಳೇ ಥರದ ರಬ್ಬರು ಸೀಳು ಬಿಟ್ಟು ಮೊದಲ ಹೇಳ್ತಿತ್ತು. ಈಗಿನ ಬೆಲ್ಟಿಗೆ ಇಪಿಡಿಎಂ ಅನ್ನೋ ಗಟ್ಟಿ ರಬ್ಬರು ಹಾಕ್ತಾರ, ಅದು ಅಷ್ಟು ಬೇಗ ಸೀಳು ಬಿಡೋದಿಲ್ಲ. ಚಪ್ಪಲಿ ಅಟ್ಟಿ ಸವದಂಗ ಒಳಗಿನ ಗೆರಿ ಸವೀತಾವ. ಅದಕ್ಕ "ಸೀಳಿಲ್ಲ, ಚಲೋ ಐತಿ" ಅಂತ ಬಿಡಬ್ಯಾಡ್ರಿ. ಎಷ್ಟು ಕಿಲೋಮೀಟರ್ ಓಡೈತಿ ಅನ್ನೋ ಲೆಕ್ಕಾನೂ ಬೇಕು. ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರ್ ನಡುವೆ ಬದಲಿಸ್ತಾರ. ನಿಮ್ಮ ಗಾಡಿ ಜೊತಿಗೆ ಬಂದ ಪುಸ್ತಕದಾಗ ಏನೈತೋ ಅದ ನಿಮಗ ಲೆಕ್ಕ. ಗಾಡಿ ಓಡದ ನಿಂತಿದ್ರೂ ವರ್ಷ ಕಳದಂಗ ರಬ್ಬರು ಮುಪ್ಪಾಗ್ತೈತಿ, ಅದನ್ನೂ ನೆನಪಿಡ್ರಿ.

ಇನ್ನ ಮನ್ಯಾಗ ಬದಲಿಸೋ ಮಾತು. ನಮ್ಮ ಮನಿ ಕಾರಿಗೆ ನನ್ನ ಮೈದುನನ ಮಗ ಅಂಗಳದಾಗನ ಬೆಲ್ಟು ಹಾಕಿದ. ಐಟಿಐ ಓದಿದ ಹುಡುಗ. ನಾನು ಪಕ್ಕದಾಗ ಟಾರ್ಚು ಹಿಡಕೊಂಡು ನಿಂತು ಎಲ್ಲಾ ನೋಡೀನಿ, ಅದನ್ನ ಬರೀತೀನಿ.

ಎಲ್ಲಾದಕ್ಕಿಂತ ಮೊದಲು ನಮ್ಮ ಉಡುಪು. ಸೆರಗು ಸೊಂಟಕ್ಕ ಬಿಗೀರಿ, ಇಲ್ಲಾ ಚೂಡಿದಾರ ಹಾಕ್ಕೊಂಡ್ರ ವೇಲು ಒಳಗ ಇಟ್ಟು ಬರ್ರಿ. ಬಳಿ ಹಿಂದಕ್ಕ ಸರಸ್ರಿ, ತಾಳಿಸರ ಕುಬಸದೊಳಗ ಹಾಕ್ಕೊಳ್ರಿ, ಜಡಿ ತುರುಬು ಕಟ್ರಿ. ಮೆಕ್ಕೆಜೋಳ ಒಕ್ಕೋ ಮಷೀನಿಗೆ ಸೆರಗು ಸಿಕ್ಕ ಸುದ್ದಿ ನಾವೆಲ್ಲಾ ಕೇಳೀವಿ. ಕಾರಿನ ಬೆಲ್ಟೂ ಅಷ್ಟ ಕೆಟ್ಟದ್ದು. ಇಂಜಿನ್ ಓಡೋವಾಗ ಯಾರೂ ಕೈ ಹಾಕಬಾರದು, ಬಗ್ಗಬಾರದು. ಬಂದ್ ಮಾಡಿದ ಮ್ಯಾಲೂ ರೇಡಿಯೇಟರ್ ಫ್ಯಾನು ತಂತಾನ ತಿರುಗಬಹುದು, ಅದಕ್ಕ ಹುಡುಗ ಮೊದಲು ಬ್ಯಾಟ್ರಿಯ ಮೈನಸ್ ವಯರು ಬಿಚ್ಚಿಟ್ಟ.

ಆಮ್ಯಾಲೆ ಬೆಲ್ಟು ಯಾವ ಪುಲ್ಲಿ ಮ್ಯಾಲ ಹೋಗಿ ಯಾವುದರ ಕೆಳಗ ಬರ್ತೈತಿ ಅನ್ನೋ ದಾರಿ. ಕೆಲವು ಗಾಡಿಗೆ ಬಾನೆಟ್ ಒಳಗ ಇದರ ಚಿತ್ರದ ಚೀಟಿ ಅಂಟಿಸಿರ್ತಾರ. ನಮ್ಮದಕ್ಕ ಇರಲಿಲ್ಲ. ಹುಡುಗ ಮೊಬೈಲಿನಾಗ ಫೋಟೋ ಹೊಡದ, ನಾನು ಹಳೇ ಲಗ್ನಪತ್ರಿಕಿ ಹಿಂದ ಪೆನ್ನಿನಿಂದ ಬರಕೊಂಡೆ. ರಂಗೋಲಿ ಚುಕ್ಕಿ ಸುತ್ತಿ ಗೆರಿ ಎಳಿಯೋ ಕೈಗೆ ಅದೇನು ದೊಡ್ಡದಲ್ಲ. "ದೊಡ್ಡವ್ವ, ಫೋಟೋಕಿಂತ ನಿನ್ನ ರಂಗೋಲಿನ ಚಂದ ತಿಳೀತೈತಿ" ಅಂದ ಹುಡುಗ.

ಬೆಲ್ಟನ್ನ ಬಿಗಿಹಿಡಿಯಾಕ ಸ್ಪ್ರಿಂಗು ಇರೋ ಒಂದು ಪುಲ್ಲಿ ಇರ್ತೈತಿ, ಅದಕ್ಕ ಟೆನ್ಷನರ್ ಅಂತಾರ. ಉದ್ದನ ಪಾನಾ ಹಾಕಿ ಅದನ್ನ ಒತ್ತಿ ಹಿಡದ್ರ ಬೆಲ್ಟು ಸಡ್ಲಾಗ್ತೈತಿ. ಆಗ ಮ್ಯಾಲಿನ ಒಂದು ಪುಲ್ಲಿಯಿಂದ ಜಾರ್ಸಿ ತಗಿಯೋದು, ಆಮ್ಯಾಲೆ ಟೆನ್ಷನರ್ ಮೆಲ್ಲಕ ಬಿಡೋದು. ಒಮ್ಮೆಲೆ ಕೈ ಬಿಟ್ರ ಪಾನಾ ಹಾರಿ ಬೆರಳು ಜಜ್ಜೀತು. ಹಳೇ ಗಾಡಿಗೆ ಈ ಟೆನ್ಷನರ್ ಇರೋದಿಲ್ಲ. ಆಲ್ಟರ್ನೇಟರ್ ಬೋಲ್ಟು ಸಡ್ಲ ಮಾಡಿ ಸರಸ್ತಾರ. ಅಲ್ಲಿ ಹೊಸ ಬೆಲ್ಟು ಹಾಕಿ, ಎರಡು ಪುಲ್ಲಿ ನಡುವೆ ಹೆಬ್ಬೆಟ್ಟಿಲೆ ಒತ್ತಿದ್ರ ಅರ್ಧ ಇಂಚಿನಷ್ಟು ತಗ್ಗಬೇಕು. ಬಾಳ ಬಿಗಿ ಮಾಡಿದ್ರ ಬೇರಿಂಗ್ ಹೋಗ್ತೈತಿ, ಸಡ್ಲ ಬಿಟ್ರ ಜಾರ್ತೈತಿ.

ಬೆಲ್ಟು ತಗದಾಗ ಒಂದು ಕೆಲಸ ಮರೀಬ್ಯಾಡ್ರಿ. ಒಂದೊಂದು ಪುಲ್ಲಿ ಕೈಯಿಂದ ತಿರುವಿ ನೋಡ್ರಿ. ಬೀಸೋಕಲ್ಲಿನ ಒಳಗ ಮಳ್ಳು ಸಿಕ್ಕಂಗ ಗರ್ ಅಂದ್ರ, ಇಲ್ಲಾ ಅತ್ತಿತ್ತ ಅಲ್ಲಾಡಿದ್ರ ಆ ಪುಲ್ಲೀನೂ ಬದಲಿಸಬೇಕು. ಇಲ್ಲಾಂದ್ರ ಹೊಸ ಬೆಲ್ಟನ್ನೂ ಅದು ತಿಂತೈತಿ. ಎಲ್ಲಿಂದಾದ್ರೂ ಎಣ್ಣಿ ಸೋರಿ ಬೆಲ್ಟು ಕೆಟ್ಟಿದ್ರ ಮೊದಲು ಸೋರೋದು ನಿಲ್ಲಿಸ್ರಿ. ಕೆಲವರು ಕೂಗೋ ಬೆಲ್ಟಿಗೆ ಸಾಬೂನು, ಪೌಡರು, ಏನೋ ಸ್ಪ್ರೇ ಹಾಕಿ ಸುಮ್ನಾಗಸ್ತಾರ. ಹಸದ ಕೂಸಿನ ಬಾಯಾಗ ಬೆರಳಿಟ್ಟಂಗ ಅದು. ಅಳು ನಿಲ್ತೈತಿ, ಹಸಿವು ಹೋಗೋದಿಲ್ಲ.

ಹೊಸ ಬೆಲ್ಟು ತರೋವಾಗ ಹಳೇದರ ಬೆನ್ನಿನ ಮ್ಯಾಲಿನ ನಂಬರ್ ಬರಕೊಂಡು ಹೋಗ್ರಿ. 6ಪಿಕೆ1200 ಅಂತ ಇದ್ರ ಆರು ಗೆರಿ, 1200 ಮಿಲಿಮೀಟರ್ ಉದ್ದ ಅಂತ ಲೆಕ್ಕ. ಬ್ಲೌಸ್ ಪೀಸು ತರೋವಾಗ ಅಳತಿ ಕೇಳೋ ನಾವು ಇದಕ್ಕೂ ಕೇಳಬೇಕು. ಹಳೇದು ಹೊಸದು ಪಕ್ಕಪಕ್ಕ ಹಿಡದು, ಗೆರಿ ಎಣಿಸಿ, ಉದ್ದ ನೋಡಿ ಹಾಕ್ಸೋದು. ಹಳೇದು ಬಳಸಿ ಹಿಗ್ಗಿ ಒಂದೀಟು ಉದ್ದ ಕಾಣಬಹುದು, ಗಾಬರಿ ಬ್ಯಾಡ. ಗೆರಿ ಇರೋ ಮೈ ಗೆರಿ ಇರೋ ಪುಲ್ಲಿಗೆ, ನುಣ್ಣನ ಬೆನ್ನು ನುಣ್ಣನ ಪುಲ್ಲಿಗೆ ಕೂಡಬೇಕು. ಒಂದ ಒಂದು ಗೆರಿ ಪಕ್ಕಕ್ಕ ಸರದು ಕುಂತ್ರೂ ಬೆಲ್ಟು ಸ್ವಲ್ಪ ದಿನದಾಗ ಹರೀತೈತಿ. ನಮ್ಮ ಹುಡುಗ ಹಾಕಿದ ಮ್ಯಾಲೆ ಒಂದೊಂದು ಪುಲ್ಲಿಗೂ ಟಾರ್ಚು ಹಾಕಿ ನೋಡಿದ್ವಿ. ಆಮ್ಯಾಲೆ ಬ್ಯಾಟ್ರಿ ವಯರು ಹಾಕಿ, ಎಲ್ಲಾರೂ ದೂರ ಸರದು, ಅರ್ಧ ನಿಮಿಷ ಚಾಲೂ ಮಾಡಿ, ಬಂದ್ ಮಾಡಿ ಮತ್ತೊಮ್ಮೆ ನೋಡಿದ್ವಿ.

ಹಂಗಂತ ಎಲ್ಲಾ ಗಾಡಿಗೂ ಮನ್ಯಾಗನ ಕೈ ಹಾಕ್ರಿ ಅಂತ ನಾನು ಹೇಳೋದಿಲ್ಲ. ಮೊಬೈಲಿನಾಗ ಹತ್ತು ನಿಮಿಷದ ವಿಡಿಯೋ ನೋಡಿದ್ರ ಎಲ್ಲಾ ಸುಲಭ ಅನಸ್ತೈತಿ. ಕೆಲವು ಗಾಡಿಯಾಗ ಬೆಲ್ಟಿನ ಹತ್ರ ಕೈ ಹೋಗಾಕ ಜಾಗಾನ ಇರೋದಿಲ್ಲ, ಗಾಲಿ ಬಿಚ್ಚಿ ಕೆಳಗಿಂದ ಮಾಡಬೇಕು. ಬರೇ ಜಾಕಿ ಮ್ಯಾಲ ನಿಂತ ಗಾಡಿ ಕೆಳಗ ಹೋಗೋದು ಜೀವಕ್ಕ ಅಪಾಯ, ಅಂಥದ್ದು ಮನ್ಯಾಗ ಬ್ಯಾಡ. ಕೆಲವಕ್ಕ ಟೆನ್ಷನರ್ ಇಲ್ಲದ, ಹಿಗ್ಗಿಸಿ ಹಾಕೋ ಬೆಲ್ಟು ಇರ್ತೈತಿ, ಅದಕ್ಕ ಬ್ಯಾರೆ ಸಾಮಾನು ಬೇಕು.

ಮತ್ತ ಟೈಮಿಂಗ್ ಬೆಲ್ಟು ಅನ್ನೋದು ಬ್ಯಾರೇನ, ಇವೆರಡನ್ನ ಒಂದ ಅಂತ ತಿಳೀಬ್ಯಾಡ್ರಿ. ಅದು ಮುಚ್ಚಳದ ಒಳಗ ಇರ್ತೈತಿ, ಇಂಜಿನ್ನಿನ ಉಸಿರಾಟದ ತಾಳ ಹಿಡಿಯೋ ಬೆಲ್ಟು ಅದು. ಹಳೇ ಮಾರುತಿ 800ಕ್ಕ ಅದಿತ್ತು, ಕೆಲವು ಗಾಡಿಗೆ ಬೆಲ್ಟಿನ ಬದಲು ಚೈನು ಇರ್ತೈತಿ. ಅದನ್ನ ಒಂದು ಹಲ್ಲು ತಪ್ಪಿ ಹಾಕಿದ್ರೂ ಇಂಜಿನ್ ಸರಿ ನಡಿಯೋದಿಲ್ಲ, ಬಾಳ ಇಂಜಿನ್ನಿನಾಗ ಒಳಗಿನ ಸಾಮಾನು ಒಂದಕ್ಕೊಂದು ಬಡದು ಮುರೀತಾವ. ಅದು ಕಲ್ತ ಮೆಕ್ಯಾನಿಕ್ಕಿನ ಕೆಲಸ, ಅಲ್ಲಿ ನಮ್ಮ ಧೈರ್ಯ ಬ್ಯಾಡ.

"ನೀನು ಹಿಂಗ ಎಲ್ಲಾರಿಗೂ ಕಲಿಸಿದ್ರ ಮೆಕ್ಯಾನಿಕ್ ಹುಡುಗ್ರ ಹೊಟ್ಟಿ ಮ್ಯಾಲ ಹೊಡದಂಗ ಆಗೋದಿಲ್ಲೇನು" ಅಂತ ನಮ್ಮನಿಯವ್ರು ಕೇಳಿದ್ರು. ಮಾತು ಸುಳ್ಳಲ್ಲ. ಬಸ್ ಸ್ಟ್ಯಾಂಡ್ ಹತ್ರ ಗ್ಯಾರೇಜ್ ಇಟ್ಕೊಂಡೋರು ನಮ್ಮೂರ ಮಕ್ಳ. ರಾತ್ರಿ ಫೋನ್ ಮಾಡಿದ್ರ ಎದ್ದು ಬರ್ತಾರ. ಆದ್ರ ನೋಡಿ ತಿಳದೋರು ಅವರ ಹತ್ರ ಇನ್ನೂ ಜಾಸ್ತಿ ಹೋಗ್ತಾರ, ಹೊತ್ತಿಗೆ ಸರಿ ಹೋಗ್ತಾರ. "ಬೆಲ್ಟು 70,000 ಓಡೈತಿ ತಮ್ಮಾ, ಬದಲಿಸಿಬಿಡು, ಟೆನ್ಷನರೂ ನೋಡು" ಅಂತ ಹೋದಾಕಿಗೆ ಅವನು ಆ ಕೆಲಸ ಅಷ್ಟ ಮಾಡಿ, ತನ್ನ ಕೂಲಿ ತಗೊಂಡು ಕಳಸ್ತಾನ. ಏನೂ ಗೊತ್ತಿಲ್ದ ಹೋದಾಕಿಗೆ ಬೇಡಾದ ಸಾಮಾನೂ ಹಾಕೋರು ಎಲ್ಲಾ ಕಡಿ ಇರ್ತಾರ. ನಮ್ಮ ಓಣಿ ಅಕ್ಕ ಒಬ್ರು ಪರಊರಾಗ ಕಿಂಯ್ ಅನ್ನೋ ಸಪ್ಪಳಕ್ಕ ಆಲ್ಟರ್ನೇಟರ್ ಪೂರ್ತಿ ಬದಲಿಸಿ ದುಡ್ಡು ಕೊಟ್ಟು ಬಂದ್ರು. ಊರಿಗೆ ಬಂದು ನೋಡಿದ್ರ ಹಳೇ ಬೆಲ್ಟು ಹಂಗ ಇತ್ತು, ಸಪ್ಪಳಾನೂ ಹಂಗ ಇತ್ತು. ಬೆಲ್ಟಿನ ಬೆಲಿ ಗಾಡಿ ಮ್ಯಾಲ ಹೋಗ್ತೈತಿ, ಕೆಲವು ನೂರು ರೂಪಾಯಿಂದ ಒಂದೆರಡು ಸಾವಿರ ಅಷ್ಟ. ಬೇಡಾದ್ದಕ್ಕ ಕೊಟ್ಟ ದುಡ್ಡು ಮಾತ್ರ ಶೇಂಗಾ ಮಾರಿ ಬಂದದ್ದು, ಹೈನದ ಹಾಲು ಹಾಕಿ ಕೂಡಿಟ್ಟದ್ದು.

ಗಂಡುಮಕ್ಳಿಗೆ ಬ್ಯಾಸರ ಆದೀತು ಅಂತ ಅಂಜೋರೂ ಅದಾರ. "ನೀನೇನು ನನಗ ಗಾಡಿ ಹೇಳಿಕೊಡ್ತೀಯಾ" ಅಂತ ಅಂದ್ರ ಅನ್ಲಿ ಬಿಡ್ರಿ. ಗ್ಯಾಸ್ ಪೈಪು ಬದಲಿಸು ಅಂತ ನಾವು ಹೇಳ್ತೀವಿ, ನೀರಿನ ಟಾಕಿ ತೊಳಸು ಅಂತ ಹೇಳ್ತೀವಿ, ಮಾಳಗಿ ಸೋರ್ತೈತಿ ಮಳಿಗಿಂತ ಮುಂಚೆ ನೋಡು ಅಂತ ಹೇಳ್ತೀವಿ. ಅದಕ್ಕೆಲ್ಲಾ ಬ್ಯಾಸರ ಇಲ್ಲ, ಇದಕ್ಕ ಯಾಕ? ಕಾರು ಬಂದು ಮನಿ ಮುಂದ ನಿಂತ ದಿನಾನ ಅದೂ ಮನಿ ಸಾಮಾನಾತು.

ಅದಕ್ಕ ಒಂದೊಂದು ಮನಿಯಾಕಿಗೂ ನಾನು ಕೇಳೋದು ನಾಕು ಕೆಲಸ. ಒಂದು, ಗೋಡಿ ಕ್ಯಾಲೆಂಡರಿನಾಗ ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು ಬರೀತೀವಲ್ಲ, ಅದರ ಪಕ್ಕಕ್ಕ ಬೆಲ್ಟು ಹಾಕಿದ ತಾರೀಖು, ಕಿಲೋಮೀಟರ್, ಬೆಲ್ಟಿನ ನಂಬರ್ ಬರೀರಿ. ವರ್ಷ ಮುಗದಾಗ ಹೊಸ ಕ್ಯಾಲೆಂಡರಿಗೆ ಇಳಸ್ರಿ. ಎರಡು, ಹೊಸದು ಹಾಕಿದಾಗ ಹಳೇದು ಹರದಿರದಿದ್ರ ಬಿಸಾಕಬ್ಯಾಡ್ರಿ, ಪ್ಲಾಸ್ಟಿಕ್ ಚೀಲದಾಗ ಸುತ್ತಿ ಡಿಕ್ಕಿಯಾಗ ಇಡ್ರಿ. ದಾರ್ಯಾಗ ನಿಂತಾಗ ಮೆಕ್ಯಾನಿಕ್ ಸಿಕ್ಕು ಬೆಲ್ಟು ಸಿಗದಿದ್ರ ಅದ ಮನಿ ಮುಟ್ಟಸ್ತೈತಿ. ಮೂರು, ಬ್ಯಾಟ್ರಿ ಚಿತ್ರದ ಕೆಂಪು ದೀಪ ಹತ್ತಿ, ಬಿಸಿ ಮುಳ್ಳು ಏರಾಕ ಹತ್ತಿದ್ರ ಗಾಡಿ ನಡಸೋರು ಯಾರ ಇರಲಿ, ಪಕ್ಕಕ್ಕ ನಿಲ್ಸು ಅಂತ ಗಟ್ಟಿಯಾಗಿ ಹೇಳ್ರಿ. ಬಿಸಿ ರೇಡಿಯೇಟರಿನ ಮುಚ್ಚಳ ಮಾತ್ರ ತಗಿಯಾಕ ಬಿಡಬ್ಯಾಡ್ರಿ, ಕುಕ್ಕರಿನಂಗ ಸಿಡೀತೈತಿ.

ನಾಕನೇದು, ಬರೋ ಆಯುಧಪೂಜಿ ದಿನ ಗಾಡಿ ತೊಳಿಯೋಕಿಂತ ಮುಂಚೆ ಬಾನೆಟ್ ಎತ್ತಸ್ರಿ. ಸೊಸಿ ಇದ್ರ ಸೊಸಿನ್ನ, ಮಗಳಿದ್ರ ಮಗಳನ್ನ ಪಕ್ಕದಾಗ ನಿಲ್ಲಿಸ್ಕೊಂಡು ಟಾರ್ಚು ಹಾಕಿ ಬೆಲ್ಟು ತೋರಸ್ರಿ. ಅಂಚು ನೋಡ್ರಿ, ಗೆರಿ ನೋಡ್ರಿ, ಕ್ಯಾಲೆಂಡರಿನ ಲೆಕ್ಕ ನೋಡ್ರಿ. ಸವದಿದ್ರ ಹಬ್ಬದ ಮರುದಿನಾನ ಬದಲಿಸಾಕ ಹಚ್ರಿ. ಆಮ್ಯಾಲೆ ಬಾನೆಟ್ ಮುಚ್ಚಿ ಕುಂಕುಮ ಹಚ್ರಿ, ಕುಂಬಳಕಾಯಿ ಒಡೀರಿ. ನಿಮ್ಮ ಗಾಡಿ ಬೆಲ್ಟು ಎಷ್ಟು ಓಡೈತಿ ಅಂತ ನೋಡಿ ನನಗೂ ಒಂದು ಮಾತು ಹೇಳ್ರಿ.